ಗಾಲಿಕುರ್ಚಿಯಲ್ಲಿ ಎಂಟು ದಿನ

ಹೊಳೆಯ ದಂಡೆಯಲ್ಲಿ ಒಂದು ಮಠವಿತ್ತು. ಮಠ ಅಂದರೆ ಗೋಪುರ, ಗದ್ದಲ ಏನಿಲ್ಲ. ಎರಡು ಕೋಣೆ, ಒಂದು ಬೇವಿನ ಮರ, ಒಬ್ಬ ಗುರು, ಒಬ್ಬ ಶಿಷ್ಯ. ಗುರುವನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಶಿಷ್ಯನ ಹೆಸರು ಗದಿಗೆಪ್ಪ.

ತೀರಿಹೋದವರ ಸಾಮಾನನ್ನು ಮನೆಯಲ್ಲಿ ಇಟ್ಟುಕೊಳ್ಳಲೂ ಆಗದೆ, ಎಸೆಯಲೂ ಮನಸ್ಸು ಬಾರದೆ ಜನ ಈ ಮಠಕ್ಕೆ ತಂದು ಬಿಡುತ್ತಿದ್ದರು. ರೇಡಿಯೋ, ಹೊಲಿಗೆ ಯಂತ್ರ, ಮಂಚ. ಅವುಗಳ ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಿ ಬೇಕಾದವರಿಗೆ ಮಾರುವುದು ಗದಿಗೆಪ್ಪನ ಸೇವೆ. ಧ್ಯಾನ ಕಲಿಯಲು ಬಂದವನಿಗೆ ಇದು ಗಂಟು ಬಿದ್ದಿತ್ತು.

ಅಜ್ಜಾರದು ಒಂದೇ ನೇಮ. ಯಾವ ವಸ್ತುವೇ ಆಗಲಿ, ಮಾರುವವನು ಮೊದಲು ಎಂಟು ದಿನ ತಾನೇ ಬಳಸಬೇಕು. ಆಮೇಲೆ ಅದರ ಬಗ್ಗೆ ಬರೆಯಬೇಕು. ಹಾಗಾಗಿ ಗದಿಗೆಪ್ಪ ಕಂಡವರ ಮಂಚದ ಮೇಲೆಲ್ಲ ಮಲಗಿ ಎದ್ದಿದ್ದ. ಹೊಲಿಗೆ ಬಾರದಿದ್ದರೂ ತನ್ನ ಪಂಚೆಗೆ ಅಂಚು ಹೊಲಿಯಹೋಗಿ ಅದನ್ನು ಹಾಳು ಮಾಡಿಕೊಂಡಿದ್ದ.

ದಿನವಿಡೀ ಮೊಬೈಲಿಗೆ ಪ್ರಶ್ನೆಗಳು ಬರುತ್ತಿದ್ದವು. ಗೀರು ಬಿದ್ದಿದೆಯಾ, ಸದ್ದು ಸರಿ ಬರುತ್ತಾ, ಯಾಕೆ ಮಾರುತ್ತಿದ್ದೀರಿ. ತಲೆ ಚಿಟ್ಟು ಹಿಡಿಯಿತು ಎಂದು ಗದಿಗೆಪ್ಪ ಗೊಣಗುತ್ತಿದ್ದ, ಆದರೆ ಒಂದಕ್ಕೂ ಉತ್ತರಿಸದೆ ಬಿಡುತ್ತಿರಲಿಲ್ಲ. ಅಜ್ಜಾರಿಗೆ ಮಾತು ಕಡಿಮೆ. ಅವನನ್ನು ನೆನೆಯುವವರು ಬೇರೆ ಯಾರೂ ಇರಲಿಲ್ಲ. ಅಪರಿಚಿತರ ಆ ಅನುಮಾನಗಳೇ ಅವನ ಬಂಧುಬಳಗ.

ಅಜ್ಜಾರು ಪರಸ್ಥಳಕ್ಕೆ ಹೋದಾಗ ಒಂದು ಗಾಲಿಕುರ್ಚಿ ಬಂತು.

ಗದಿಗೆಪ್ಪ ಅದರ ಸುತ್ತ ನಾಲ್ಕು ಸಲ ತಿರುಗಿದ. ಕೂರಲು ಮಾತ್ರ ಧೈರ್ಯ ಬರಲಿಲ್ಲ. ಕೂತರೆ ಅದರಲ್ಲೇ ಉಳಿದುಬಿಟ್ಟರೆ? ಒರೆಸಿ, ಮರದ ನೆರಳಿಗೆ ತಂದು ಫೋಟೋ ತೆಗೆದ. ‘ಎಲ್ಲ ಚೆನ್ನಾಗಿದೆ’ ಎಂದು ಬರೆದ.

ಆಚೆ ದಂಡೆಯ ಊರಿನ ಮಹಾನಂದಾ ಎಂಬಾಕೆ ಬಂದಳು. ತಾಯಿ ಒಂದು ವರ್ಷದಿಂದ ಹಾಸಿಗೆಯಲ್ಲಿದ್ದಾಳೆ, ಬಾಗಿಲ ಹೊರಗೆ ಕೂರುವ ಆಸೆ ಅಂತೆ. ಮಹಾನಂದಾ ಏನನ್ನೂ ಕೇಳಲಿಲ್ಲ, ಗಾಲಿಯನ್ನು ತಿರುಗಿಸಿಯೂ ನೋಡಲಿಲ್ಲ.

“ಮಠದ್ದು ಅಂದ ಮ್ಯಾಲೆ ಕೇಳೋದೇನೈತ್ರಿ” ಅಂದಳು.

ಇಂಥ ಗಿರಾಕಿ ದಿನಕ್ಕೊಬ್ಬರು ಸಿಕ್ಕರೆ ಸಾಕಪ್ಪಾ ಅಂದುಕೊಂಡ ಗದಿಗೆಪ್ಪ.

ಹತ್ತು ದಿನಕ್ಕೆ ಅವಳ ಸಂದೇಶ ಬಂತು. ಮನೆ ಮುಂದಿನ ಇಳಿಜಾರಿನಲ್ಲಿ ಎಡಗಡೆಯ ಬ್ರೇಕು ಜಾರಿತ್ತು. ಕುರ್ಚಿ ಸಮೇತ ತಾಯಿ ಚರಂಡಿಗೆ ಬಿದ್ದಿದ್ದಳು, ಮುಂಗೈ ಮುರಿದಿತ್ತು. ಬೈಗುಳ ಒಂದೂ ಇರಲಿಲ್ಲ. ‘ನಿಮಗೂ ಗೊತ್ತಿರಲಿಕ್ಕಿಲ್ಲ’ ಎಂದು ಕೊನೆಗೆ ಬರೆದಿದ್ದಳು. ಆ ಒಂದು ಸಾಲನ್ನು ಗದಿಗೆಪ್ಪ ಮತ್ತೆ ಮತ್ತೆ ಓದಿದ.

ಅಷ್ಟರಲ್ಲಿ ಹಿಂತಿರುಗಿದ್ದ ಅಜ್ಜಾರಿಗೆ ಮೊಬೈಲನ್ನೇ ತೋರಿಸಿದ.

“ಎಂಟು ದಿನ ಕುಂತಿದ್ದೇನು ಅದರಾಗ?”

“ಇಲ್ರೀ ಅಜ್ಜಾರ. ಕುಂತ್ರ ನಾನೂ ಹಂಗ ಆಗ್ತೀನೇನೋ ಅಂತ ಅಂಜಿಕಿ ಬಂತ್ರಿ.”

“ಅದನ್ನರ ಬರೀಬೇಕಿತ್ತು” ಅಂದರು ಅಜ್ಜಾರು.

ಗದಿಗೆಪ್ಪ ದೋಣಿಯಲ್ಲಿ ಆಚೆ ದಂಡೆಗೆ ಹೋಗಿ, ಮಹಾನಂದಾ ಕೊಟ್ಟ ಹಣ ಹಿಂದಿರುಗಿಸಿ ಕುರ್ಚಿ ವಾಪಸ್ಸು ಪಡೆದ. ಅವಳ ತಾಯಿಯ ಕಾಲು ಮುಟ್ಟಿ ತಪ್ಪಾಯಿತು ಅಂದ. ಆಕೆ ಅವನನ್ನು ನೋಡಲಿಲ್ಲ, ಮಗಳು ಒಯ್ಯಲು ಕೊಟ್ಟ ಕುರ್ಚಿಯನ್ನೇ ನೋಡುತ್ತಿದ್ದಳು.

ಅಜ್ಜಾರು ಕುರ್ಚಿಯನ್ನು ಮರದ ಕೆಳಗೆ ನಿಲ್ಲಿಸಿ, ಅದರತ್ತ ಕೈ ತೋರಿಸಿದರು. ಗದಿಗೆಪ್ಪ ಕೂತ.

ಬ್ರೇಕಿನ ಕತೆ ಮೊದಲ ದಿನವೇ ತಿಳಿಯಿತು. ಮಿಕ್ಕದ್ದು ತಿಳಿಯಲು ಏಳು ದಿನ ಬೇಕಾಯಿತು. ಬಂದ ಭಕ್ತರು ಅವನ ತಲೆಯ ಮೇಲಿಂದ ಮಾತಾಡಿದರು. ಇವನಿಗೆ ಊಟ ಆಯಿತಾ ಎಂದು ಅಜ್ಜಾರನ್ನು ಕೇಳಿದರು. ಸಂಜೆ ಅಜ್ಜಾರು ಹೊಳೆಗೆ ಹೋದರೆ ಕುರ್ಚಿ ತಿರುಗಿಸುವವರಿಲ್ಲ, ಅವರು ಬರುವವರೆಗೆ ಮುಖ ಯಾವ ಕಡೆಗಿದೆಯೋ ಅದೇ ಗೋಡೆ. ಒಂದು ಸಂಜೆ ಅವನು ಸುಮ್ಮನೆ ಅತ್ತ.

ಒಂಬತ್ತನೆಯ ದಿನ ಎದ್ದು, ಸೈಕಲ್ ಅಂಗಡಿಯವನಿಂದ ಬ್ರೇಕು ಹೊಸದು ಹಾಕಿಸಿದ. ಮತ್ತೆ ಬರೆದ. ಎಡ ಬ್ರೇಕು ಕೆಟ್ಟಿತ್ತು, ಇದರಿಂದ ಒಬ್ಬರು ಬಿದ್ದಿದ್ದಾರೆ, ತಪ್ಪು ನನ್ನದು, ಈಗ ರಿಪೇರಿಯಾಗಿದೆ. ಕೂತವರನ್ನು ಗೋಡೆಗೆ ಮುಖ ಮಾಡಿ ಬಿಡಬೇಡಿ. ಇಷ್ಟು ಬರೆದು, ಕೆಟ್ಟ ಬ್ರೇಕಿನ ಫೋಟೋವನ್ನೇ ಮೊದಲು ಹಾಕಿದ.

ಇನ್ನು ಇದನ್ನು ಯಾರು ಕೊಳ್ಳುತ್ತಾರೆ ಎಂದುಕೊಂಡಿದ್ದ. ಬಂದವಳು ಮಹಾನಂದಾ. ಅವ್ವನಿಗೆ ಓದಿ ಹೇಳಿದಳಂತೆ. ಅದೇ ಕುರ್ಚಿ ಬೇಕು ಎಂದು ಅವ್ವ ಹಟ ಹಿಡಿದಿದ್ದಾಳಂತೆ. ಈ ಸಲವೂ ಏನೂ ಕೇಳದೆ ಒಯ್ದಳು.

ಆಮೇಲೆ ಗದಿಗೆಪ್ಪ ಒಂದು ಚಮಚವನ್ನೂ ಅದರಲ್ಲಿ ಎಂಟು ದಿನ ಉಣ್ಣದೆ ಮಾರಲಿಲ್ಲ. ಸುತ್ತಲಿನ ಊರುಗಳಲ್ಲಿ ಮಾತು ಹಬ್ಬಿತು. ಜನ ಅವನು ಬರೆದದ್ದನ್ನು ಓದಿ ಬಂದು ಒಯ್ಯತೊಡಗಿದರು. ಗೀರು, ಸದ್ದು, ಯಾಕೆ, ಏನು, ಯಾವುದೂ ಇಲ್ಲ. ಮೊಬೈಲು ಮೌನವಾಯಿತು.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವನು ಅಜ್ಜಾರ ಬಳಿ ಬಂದು ಕೂತ.

“ಅಜ್ಜಾರ, ಮೊದಲ ಅನುಮಾನ ಪಟ್ಟಾದ್ರೂ ಮಂದಿ ಮಾತಾಡ್ತಿದ್ರು. ಈಗ ಯಾರೂ ಏನೂ ಕೇಳವಲ್ರು. ಭಾಳ ಒಂಟಿ ಅನಸ್ತೈತ್ರಿ.”

ಅಜ್ಜಾರು ಹೊಳೆಯಾಚೆ ನೋಡುತ್ತಿದ್ದರು.

“ಆ ಮುದುಕಿ ಹೆಂಗದಾಳ?”

“ಏನೋ ಗೊತ್ತಿಲ್ರಿ. ಅವರೂ ಏನೂ ಕೇಳಿಲ್ಲ. ಆರಾಮ ಇರಬೇಕ್ರಿ.”

ಅಜ್ಜಾರು ಪಕ್ಕದಲ್ಲಿದ್ದ ಮೊಬೈಲನ್ನು ಎತ್ತಿ ಅವನ ಅಂಗೈಯಲ್ಲಿಟ್ಟರು.

“ನಂಬಿದವರು ಕೇಳಂಗಿಲ್ಲಪಾ. ಕೇಳೋ ಪಾಳಿ ಈಗ ನಿಂದು.”