ಹೆಚ್ಚಿದ ನೀರು

"ಗುರುಗಳೇ, ಒಳಗಿನ ಕೊಳೆಯನ್ನು ಇನ್ನೊಬ್ಬರ ಮುಂದೆ ಹೊರಗೆ ಹಾಕಲೇಬೇಕೆ? ಒಳಗೇ ಇಟ್ಟುಕೊಂಡು ಹೊರಗೆ ಶುದ್ಧವಾಗಿ ನಡೆದುಕೊಂಡರೆ ಸಾಲದೆ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಮರುದಿನ ಅವನಿಗೆ ದೀಕ್ಷೆ. ಮನಸ್ಸು ಹೇಗಿದೆ ಎಂದು ಗುರುಗಳು ಎಂಟು ದಿನದಿಂದ ವಿಚಾರಿಸುತ್ತಿದ್ದರು. "ಶ್ರದ್ಧೆ ಹೆಚ್ಚಿದೆ, ಗುರುಗಳೇ" ಎಂದೇ ಅವನ ಉತ್ತರ. ಹಾಗೆ ಹೇಳುವಾಗಲೆಲ್ಲ ಅವನು ನೆಲ ನೋಡುತ್ತಿದ್ದ.

ಗುರುಗಳು ಕತೆ ಹೇಳಿದರು.

ರೇಷ್ಮೆ ನೂಲು ಬಿಚ್ಚುವ ಒಬ್ಬನಿದ್ದ. ಮನೆಯ ಮಗ್ಗುಲಿನ ಶೆಡ್ಡಿನಲ್ಲಿ ಅವನದೊಂದು ಸಣ್ಣ ಬಾಯ್ಲರ್. ಅದರ ಹಬೆಯಲ್ಲಿ ಗೂಡು ಬೇಯಬೇಕು, ಬೆಂದ ಗೂಡಿನಿಂದ ಎಳೆ ಬರಬೇಕು, ಆ ಎಳೆಯಿಂದ ಗಂಡ ಹೆಂಡತಿ ಹೊಟ್ಟೆ ಹೊರೆಯಬೇಕು. ಬಾಯ್ಲರ್ ಕೂರಿಸಿದ ಮೇಸ್ತ್ರಿ ಎರಡೇ ಮಾತು ಹೇಳಿ ಹೋಗಿದ್ದ. ದಿನಾ ಬೆಂಕಿ ಹಾಕುವ ಮೊದಲು ಅಡಿಯ ನಲ್ಲಿ ತಿರುಗಿಸಿ, ತಿಳಿನೀರು ಬರುವ ತನಕ ಕೊಳೆ ನೀರು ಬಿಡಬೇಕು. ನೀರು ಬತ್ತಿ ಕಾದ ಕಬ್ಬಿಣಕ್ಕೆ ಮಾತ್ರ ತಣ್ಣೀರು ತೋರಿಸಬಾರದು. ತೋರಿಸಿದರೆ ಬಾಯ್ಲರ್ ಸಿಡಿದು ಆಳೂ ಉಳಿಯುವುದಿಲ್ಲ, ಮನೆಯೂ ಉಳಿಯುವುದಿಲ್ಲ.

ಆ ಮನೆಯಲ್ಲಿ ಒಂದು ಕಟ್ಟಳೆ. 'ಇಲ್ಲ' ಎಂಬ ಮಾತು ಯಾರ ಬಾಯಲ್ಲೂ ಬರಬಾರದು. ಅಕ್ಕಿ ಮುಗಿದರೆ 'ಅಕ್ಕಿ ಹೆಚ್ಚಿದೆ' ಎನ್ನಬೇಕು. ಕುಂಕುಮ ಮುಗಿದರೂ ಹಾಗೆಯೇ. ಅವನ ತಾಯಿ ಸೊಸೆಗೆ ಕಲಿಸಿದ ಮೊದಲ ಪಾಠ ಇದು. ಅದೇ ತಾಯಿ ಒಂದು ಬೆಳಗ್ಗೆ ರಂಗೋಲಿಯ ಮೇಲೆ ಹರಿದು ಬಂದ ಕರಿ ನೀರು ನೋಡಿ, "ಬಾಗಿಲಲ್ಲಿ ಕೊಳೆ ಹರಿಸಿದ್ರೆ ಲಕ್ಷ್ಮಿ ನಿಲ್ತಾಳೇನೋ ಮಗ?" ಎಂದಳು. ಅಷ್ಟೇ ಸಾಕಾಯಿತು. ಇಷ್ಟು ಕೊಳೆ ತನ್ನ ಬಾಯ್ಲರಿನಲ್ಲೇ ಇತ್ತೇ ಎಂದು ಅವನಿಗೂ ಹೆದರಿಕೆ ಹುಟ್ಟಿತ್ತು. ನಲ್ಲಿಯನ್ನು ಬಿಗಿಯಾಗಿ ಮುಚ್ಚಿದ. ಬದಲಿಗೆ ಪ್ರತಿ ಶುಕ್ರವಾರ ಬಾಯ್ಲರಿನ ಮೈ ಒರೆಸಿ ಅರಿಶಿನ ಕುಂಕುಮ ಹಚ್ಚತೊಡಗಿದ. ಮೇಲೆ ಥಳುಕು, ಒಳಗೆ ಹುಳುಕು.

ತಾಯಿ ತೀರಿಕೊಂಡಳು. ಕಟ್ಟಳೆ ಉಳಿಯಿತು. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಒಳಗಿನಿಂದ ಕಲೆಗಟ್ಟಿ ಕಂದು ಬಣ್ಣಕ್ಕೆ ತಿರುಗಿತು. ನೀರು ಯಾವುದು, ಕಲೆ ಯಾವುದು ತಿಳಿಯದಾಯಿತು. ದಿನಾ ಬೆಳಗ್ಗೆ ಅವನ ಕೈ ನಲ್ಲಿಯ ತನಕ ಹೋಗುತ್ತಿತ್ತು. ಏನು ಹೊರಗೆ ಬಂದೀತೋ ಎಂದು ಹೆದರಿ ಹಿಂದಕ್ಕೆ ಬರುತ್ತಿತ್ತು.

ಒಂದು ಮಧ್ಯಾಹ್ನ ಹೆಂಡತಿ ಡ್ರಮ್ಮಿನೊಳಗೆ ಇಣುಕಿ ನೋಡಿದಳು. ಬಾಯ್ಲರಿಗೆ ಕೈಪಂಪಿನಿಂದ ತುಂಬುವ ನೀರು ಆ ಡ್ರಮ್ಮಿನದು. "ರೀ, ನೀರು ಹೆಚ್ಚೈತೆ" ಎಂದು ಕೂಗಿ, ಕೊಡ ಹಿಡಿದು ಹೊರಗೆ ಹೋದಳು.

ಅವನು ಕೊಳವೆಯ ಕಡೆ ನೋಡಿದ. ಕಂದು ಗೆರೆ ಅರ್ಧಕ್ಕಿಂತ ಮೇಲೇ ಇತ್ತು. ಸರಿ, ಹೆಚ್ಚಿದೆ ಎಂದುಕೊಂಡು ಇನ್ನೆರಡು ಸೌದೆ ತಳ್ಳಿದ. ಆ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಆ ಮಾತಿನ ಅರ್ಥ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಹೆದರಿದವನ ಕಿವಿ ತನಗೆ ಬೇಕಾದದ್ದನ್ನೇ ಕೇಳುತ್ತದೆ.

ಬಹಳ ಹೊತ್ತಾಯಿತು. ಬಾಯ್ಲರಿನ ಕುದಿಯುವ ಸದ್ದು ನಿಂತಿತು. ಆಮೇಲೆ ಕಬ್ಬಿಣ ಒಳಗಿನಿಂದ ಟಕ್, ಟಕ್ ಎನ್ನತೊಡಗಿತು. ಅಷ್ಟರಲ್ಲಿ ಹೆಂಡತಿ ಬಂದಳು. ಕೊಡದ ನೀರನ್ನು ಡ್ರಮ್ಮಿಗೆ ಸುರಿದು ಪಂಪಿನ ಹಿಡಿಗೆ ಕೈ ಹಾಕಿದಳು.

"ಅಷ್ಟೊಂದು ನೀರಿರುವಾಗ ಮತ್ತೆ ಯಾಕೆ ತಂದೆ?"

"ಆಗಲೇ ಹೆಚ್ಚೈತೆ ಅಂದ್ನಲ್ಲ!"

ಅವನಿಗೆ ಈಗ ಅರ್ಥವಾಯಿತು. "ಕೈ ತೆಗಿ! ಒಳಗೆ ನೀರಿಲ್ಲ! ಇಲ್ಲ ಕಣೇ, ಇಲ್ಲ!" ಎಂದು ಅರಚಿದ. ಆ ಮನೆಯ ಗೋಡೆಗಳು ಆ ಮಾತನ್ನು ಕೇಳಿದ್ದು ಅದೇ ಮೊದಲು. ಅವಳ ಕೈ ಹಿಡಿಯ ಮೇಲೇ ಮರಗಟ್ಟಿತು. ಅವನು ಅವಳನ್ನು ಎಳೆದು ಬೀದಿಗೆ ತಳ್ಳಿದ, ಒಲೆಯ ಕೆಂಡವನ್ನೆಲ್ಲ ಹೊರಕ್ಕೆ ಗೋರಿ ತಾನೂ ಓಡಿದ. ಸಂಜೆಯ ತನಕ ಇಬ್ಬರೂ ಎದುರು ಮನೆಯ ಜಗುಲಿಯ ಮೇಲೆ ಕೂತು ತಮ್ಮ ಶೆಡ್ಡನ್ನೇ ನೋಡಿದರು. ಅದು ಸಿಡಿಯಲಿಲ್ಲ.

ಮರುದಿನ ಆರಿದ ಬಾಯ್ಲರಿನ ಅಡಿಯ ನಲ್ಲಿಯನ್ನು ತಿರುಗಿಸಿದ. ಹನಿಯೂ ಬರಲಿಲ್ಲ. ಕಡ್ಡಿ ಹಾಕಿ ಕೆದಕಿದ. ಗಟ್ಟಿ ಕೆಸರು ಒಂದು ಮುಷ್ಟಿ ಅಂಗೈಗೆ ಬಿತ್ತು. ಇಷ್ಟಕ್ಕಾಗಿ ಹೆಂಡತಿಯನ್ನು ಕಳೆದುಕೊಳ್ಳುತ್ತಿದ್ದೆನಲ್ಲ ಎಂದು ಅವನು ಅಲ್ಲೇ ಕೂತು ಅತ್ತ.

ಕತೆ ಮುಗಿಯಿತು. ಮರುಳಯ್ಯ ನೆಲ ನೋಡುತ್ತಿದ್ದ. ಗುರುಗಳು ಅವನು ತಲೆ ಎತ್ತುವ ತನಕ ಕಾದರು.

"ಶ್ರದ್ಧೆ ಹೆಚ್ಚಿದೆ ಎಂದೆಯಲ್ಲ ಮರುಳಯ್ಯ, ಅದು ಯಾವ ಹೆಚ್ಚು?"