ಅಧ್ಯಕ್ಷರ ಹೊಂಗೆಮರ

ಯುಗಾದಿ ಹತ್ತಿರ ಬಂತೆಂದರೆ ಆ ಗಾಲ್ಫ್ ಮೈದಾನದ ರಿಪೇರಿ ಶುರು. ಹಳೇ ಹುಲ್ಲು ಕೆತ್ತಿ ಹೊಸದು ನೆಡಿಸುತ್ತಿದ್ದ ಮೇಸ್ತ್ರಿ ಪುಟ್ಟಸಿದ್ದಮ್ಮನ ಮುಂದೆ ಕ್ಲಬ್ಬಿನ ಅಧ್ಯಕ್ಷರು ಆಟದ ಗೆಳೆಯರೊಂದಿಗೆ ಬಂದು ಗುಡುಗಿದರು.

"ಮೊದಲು ಆ ಹೊಂಗೆಮರ ಕಡಿಸು! ನನ್ನ ಚೆಂಡೆಲ್ಲ ಅದಕ್ಕೇ ಬಡಿಯುತ್ತೆ."

ಆ ಬಯಲಲ್ಲಿ ಕೆಲಸದ ಹೆಂಗಸರು ಬುತ್ತಿ ಬಿಚ್ಚಲು ಇದ್ದದ್ದು ಅದೊಂದೇ ನೆರಳು. ಆದರೂ ಪುಟ್ಟಸಿದ್ದಮ್ಮ ತಲೆಯಾಡಿಸಿದಳು.

"ಆಗಲಿ ಬುದ್ಧಿ, ಇವತ್ತೇ ಕಡಿಸ್ತೀನಿ. ಆದ್ರೆ ಇಷ್ಟು ವರ್ಷ ನೀವು ಸೋತಾಗೆಲ್ಲ ಈ ಮರಾನೇ ಬೈಸ್ಕೊಂಡಿದೆ. ಇದೂ ಹೋದ್ಮೇಲೆ ತಪ್ಪು ಯಾರ ಮೇಲೆ ಹಾಕ್ತೀರಿ?"

ಅಧ್ಯಕ್ಷರು ಚಿಗುರಿದ ಮರ ನೋಡಿದರು. ಹಿಂದೆ ನಗು ತಡೆದುಕೊಂಡು ನಿಂತಿದ್ದ ಗೆಳೆಯರನ್ನೂ ನೋಡಿದರು. ಗಂಟಲು ಸರಿಮಾಡಿಕೊಂಡರು.

"ಬಿಸಿಲು ಜಾಸ್ತಿ ಆಯ್ತಲ್ಲಮ್ಮ, ಈ ಮರಕ್ಕೆ ದಿನಾ ನೀರು ಹಾಕಿಸ್ತಿದ್ದೀಯಾ ತಾನೆ?"