ಓಡದ ಸಿಂಗಳೀಕಗಳು

"ಗುರುಗಳೇ, ಒಬ್ಬನೇ ಊರೊಳಗೆ ಭಿಕ್ಷೆಗೆ ಹೋಗಲೂ ನನ್ನ ಎದೆ ನಡುಗುತ್ತದೆ. ಹೊಸ ಮುಖ ಕಂಡರೆ ಸಾಕು, ಹೆದರಿಕೆ. ಈ ಭಯವನ್ನು ನೀವು ಕಳೆಯಲಾರಿರಾ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ನಕ್ಕರು. "ಕೂತುಕೋ. ನಿನಗಿಂತ ಪುಕ್ಕಲು ಜೀವಿಗಳ ಕತೆ ಹೇಳುತ್ತೇನೆ."

ಘಟ್ಟದ ಕಾಡಿನಲ್ಲಿ ಸಿಂಗಳೀಕಗಳ ಸಂತತಿ ಅಳಿಯುತ್ತಿದೆಯೆಂದು ಕೇಳಿ, ಎಷ್ಟು ಉಳಿದಿವೆಯೋ ಎಣಿಸಿ ಬಾ ಎಂದು ಅರಸನೊಬ್ಬ ತನ್ನ ಕಡೆಯವನನ್ನು ಕಳಿಸಿದ. ಎಣಿಸುವುದೇನು ಸುಲಭವೇ? ಮನುಷ್ಯನ ಸುಳಿವು ಸಿಕ್ಕರೆ ಹಿರಿಯ ಗಂಡು ಕೂಗು ಹಾಕುತ್ತಿತ್ತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಿಂಡಿಗೆ ಹಿಂಡೇ ಮಾಯ. ಎಣಿಕೆಯವನು ಹಟ ಬಿಡಲಿಲ್ಲ. ದಿನವೂ ಅದೇ ಕಂಬಳಿ ಹೊದ್ದು ಅದೇ ಮರದ ಕೆಳಗೆ ಕೂತ. ತಲೆ ಎತ್ತಿ ನೋಡಲಿಲ್ಲ. ಕೆಮ್ಮು ಬಂದರೂ ನುಂಗಿಕೊಂಡ. ಮಳೆಗಾಲ ಮುಗಿಯುವಷ್ಟರಲ್ಲಿ ಹೆಣ್ಣುಗಳು ಮರಿಗಳ ಸಮೇತ ಕೆಳಗಿನ ಕೊಂಬೆಗೆ ಇಳಿದು ಬಂದವು. ಒಂದನ್ನೂ ಬಿಡದೆ ಎಣಿಸಿದ. ಅವುಗಳ ನಂಬಿಕೆ ಕಂಡು ಅವನಿಗೆ ಹಿಗ್ಗೋ ಹಿಗ್ಗು.

ಊರಿಗೆ ಹೊರಟ ದಿನ ಕಾಲುದಾರಿಯಲ್ಲಿ ಒಬ್ಬ ಬೇಟೆಗಾರ ಎದುರಾದ. ಅವನ ಒಂದು ಹೆಗಲಲ್ಲಿ ಬಿಲ್ಲು, ಇನ್ನೊಂದರಲ್ಲಿ ಸತ್ತ ಹೆಣ್ಣು ಸಿಂಗಳೀಕ.

"ಇದು ನಿನಗೆ ಹೇಗೆ ಸಿಕ್ಕಿತು?" ಎಂದು ಎಣಿಕೆಯವನು ಕೇಳಿದ.

"ಏನೂ ಕಷ್ಟ ಆಗ್ಲಿಲ್ಲ ಬುದ್ಧಿ. ಮುಂಚೆ ದಿನಗಟ್ಟಲೆ ಹೊಂಚು ಹಾಕಬೇಕಾಗಿತ್ತು. ಈಗ ನಿಮ್ಮ ಹಾಗೆ ಕಂಬಳಿ ಹೊದ್ದು ಕೂತ್ರೆ ಅವೇ ಇಳಿದು ಬರ್ತವೆ. ಎಲ್ಲಾ ನಿಮ್ಮ ಪುಣ್ಯ." ಬೇಟೆಗಾರ ಹಂಗಿಸಲಿಲ್ಲ. ಮನಸಾರೆ ಕೈಮುಗಿದು ಹೋದ.

ಎಣಿಕೆಯವನು ತಿರುಗಿ ಕಾಡಿಗೆ ಓಡಿದ. ಹಿಂಡು ಅಲ್ಲೇ ಇತ್ತು. ಅರಚಿದ, ಚಪ್ಪಾಳೆ ತಟ್ಟಿದ, ಕೊನೆಗೆ ಕಲ್ಲು ಬೀಸಿದ. ಒಂದೂ ಓಡಲಿಲ್ಲ. ತಾಯಿಯಿಲ್ಲದ ಮರಿಯೊಂದು ನೆಲಕ್ಕೇ ಇಳಿದು ಅವನ ಕಂಬಳಿಯ ಅಂಚು ಹಿಡಿದುಕೊಂಡಿತು. ಅದನ್ನು ಬಿಡಿಸಿಕೊಳ್ಳಲು ಅವನಿಂದಾಗಲಿಲ್ಲ.

ಅವನು ಊರಿಗೆ ಮರಳಲಿಲ್ಲ. ಆ ಮರದ ಕೆಳಗೇ ಉಳಿದ. ಎಲೆ ಅಲುಗಿದರೆ ಬೆಚ್ಚುತ್ತಿದ್ದ, ಕಡ್ಡಿ ಮುರಿದ ಸದ್ದಾದರೆ ಎದ್ದು ಕೂಗುತ್ತಿದ್ದ. ಅವು ಮರೆತ ಭಯವನ್ನೆಲ್ಲ ತಾನೊಬ್ಬನೇ ಪಡುತ್ತ ಮುದುಕನಾದ. ಹೊಸದಾಗಿ ಹುಟ್ಟಿದ ಮರಿಗಳೂ ಹೆದರುವುದನ್ನು ಕಲಿಯಲಿಲ್ಲ. ಕಲಿಸಬೇಕಾದ ತಾಯಂದಿರಿಗೇ ಅದು ಮರೆತುಹೋಗಿತ್ತು.

ಒಂದು ಬೆಳಗ್ಗೆ ಅವನು ಏಳಲಿಲ್ಲ. ಕೆಲವು ದಿನಗಳ ಮೇಲೆ ಬೇರೆ ಯಾರೋ ಬಂದು ಆ ಮರದ ಕೆಳಗೆ ಕೂತರು. ಹಿಂಡು ನೆಮ್ಮದಿಯಿಂದ ಇಳಿದು ಬಂತು.

ಗುರುಗಳು ಶಿಷ್ಯನ ಕಡೆ ತಿರುಗಿದರು.

"ನಿನ್ನ ಭಯವನ್ನು ಈಗಲೇ ಕಳೆದೇನು, ಚೆನ್ನವೀರ. ಆದರೆ ನಾನು ಇಲ್ಲವಾದ ದಿನ ನಿನ್ನನ್ನು ಕಾಯುವವರು ಯಾರು?"